ಈ ದಾರಿಯಲ್ಲಿ ಯಾರೂ ಬರುವುದಿಲ್ಲ

ನಗರದ ಕೋಟೆಯಿಂದ ಶುರು ಮಾಡುತ್ತೇನೆ. ಹೊಸನಗರ ತಾಲೂಕಿನ ನಗರ, ಹಳೆಯ ಹೆಸರು ಬಿದನೂರು. ಇಲ್ಲಿ ಕೂತಿರುವ ಸುಮಾರು ಜನ ಕೊಡಚಾದ್ರಿಗೆ ಹೋಗುವಾಗಲೋ ಬರುವಾಗಲೋ ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡಿರುತ್ತೀರಿ. ಕೆಳದಿ ಅರಸರ ಕೊನೆಯ ರಾಜಧಾನಿ ಅದು. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಹೊಡೆಯುವ ಮಳೆ. ಊರಿಗೆ ಬರುವ ದಾರಿಗಳಿಗೆ ದೂರದಲ್ಲೇ ತಡೆ, ಕಾವಲು. ಬಯಲುಸೀಮೆಯ ಸೈನ್ಯ ಇಲ್ಲಿಗೆ ಬಂದು ಏನು ಮಾಡೀತು ಅಂತ ಅರಮನೆಯವರು ಅಂದುಕೊಂಡಿದ್ದರೆ ಅದು ದಡ್ಡತನ ಅಲ್ಲ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

1763ರಲ್ಲಿ ಹೈದರಾಲಿ ಬಂದ. ಎದುರಿನ ತಡೆಯ ಹತ್ತಿರ ಗದ್ದಲ ಎಬ್ಬಿಸಿ ಕಾವಲಿನವರ ಕಣ್ಣನ್ನೆಲ್ಲ ಅಲ್ಲಿಗೆ ಎಳೆದ. ಅದೇ ಹೊತ್ತಿಗೆ ಅವನ ಇನ್ನೊಂದು ಪಡೆ ಕಾಡಿನೊಳಗಿನ ಗುಟ್ಟಿನ ದಾರಿಯಲ್ಲಿ ಊರಿಗೆ ನುಗ್ಗಿತು. ಆ ದಾರಿ ಹೇಳಿಕೊಟ್ಟವನು ಇದೇ ಸಂಸ್ಥಾನದ ಹಳೆಯ ಮಂತ್ರಿ, ಸೆರೆಯಲ್ಲಿದ್ದವನು. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನ ದುರ್ಗದ ಕಡೆ ಹೊರಟುಹೋದಳು. ಖಜಾನೆ ಹೈದರನ ಪಾಲಾಯಿತು. ಊರಿಗೆ ಹೈದರ್‌ನಗರ ಅಂತ ಹೆಸರಾಯಿತು, ಆ ಹೆಸರಿನ ಬಾಲ ಮಾತ್ರ ಉಳಿದು ಈಗ ಬರೀ ನಗರ.

ನಮ್ಮಲ್ಲಿ ಒಂದು ಗಾದೆ ಇದೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ. ಆದರೆ ಬಿದನೂರಿನಲ್ಲಿ ಬಾಗಿಲು ಹಾಕೇ ಇತ್ತು, ಅಲ್ವಾ? ಕಾವಲೂ ಇತ್ತು. ತಪ್ಪಿದ್ದು ಬೇರೆ ಕಡೆ. ಇವತ್ತು ಒಂದು ಗಂಟೆ ನಾನು ಹೇಳಬೇಕು ಅಂದುಕೊಂಡಿರುವುದು ಆ ಬೇರೆ ಕಡೆಯ ಬಗ್ಗೆಯೇ.

ಈಗಿನ ಸರ್ಕಾರಗಳು ದೇಶಕ್ಕೆ ಏನೇನು ಅಪಾಯ ಇದೆ ಅಂತ ಲೆಕ್ಕ ಹಾಕುವುದು ಹೇಗೆ? ರಾಷ್ಟ್ರೀಯ ಭದ್ರತಾ ಅಪಾಯಗಳ ಅಂದಾಜು ಅಂತ ದೊಡ್ಡ ಹೆಸರು ಇದೆ. ಮಾಡುವುದು ನೀವು ನಿಮ್ಮ ತೋಟದಲ್ಲಿ ಮಾಡುವ ಲೆಕ್ಕವನ್ನೇ. ಎರಡು ಪ್ರಶ್ನೆ. ಒಂದು, ಇದು ಆಗುವ ಸಾಧ್ಯತೆ ಎಷ್ಟು? ಇನ್ನೊಂದು, ಆದರೆ ಪೆಟ್ಟು ಎಷ್ಟು ಬೀಳುತ್ತದೆ? ಎರಡಕ್ಕೂ ಒಂದರಿಂದ ಐದರವರೆಗೆ ಅಂಕ. ಒಂದು ಚೌಕ ಬರೆದು ಅಡ್ಡಕ್ಕೆ ಸಾಧ್ಯತೆ, ಉದ್ದಕ್ಕೆ ಪೆಟ್ಟು, ಒಳಗೆ ಇಪ್ಪತ್ತೈದು ಮನೆ. ಭಯೋತ್ಪಾದಕರ ದಾಳಿ ಯಾವ ಮನೆಯಲ್ಲಿ ಕೂರುತ್ತದೆ, ಪ್ರವಾಹ ಯಾವ ಮನೆಯಲ್ಲಿ, ಕರೆಂಟಿನ ಜಾಲವೇ ಕುಸಿದುಬೀಳುವುದು ಯಾವ ಮನೆಯಲ್ಲಿ. ಬಲಗಡೆ ಮೇಲಿನ ಮೂಲೆ ಕೆಂಪು. ಕೆಂಪಿನಲ್ಲಿ ಇರುವುದಕ್ಕೆ ಮೊದಲು ದುಡ್ಡು.

ಅಡಿಕೆಯ ಕೊಳೆರೋಗವನ್ನು ಈ ಚೌಕದಲ್ಲಿ ಇಟ್ಟು ನೋಡಿ. ಸಾಧ್ಯತೆ ಜಾಸ್ತಿ, ಪೆಟ್ಟೂ ಜಾಸ್ತಿ. ಹಾಗಾಗಿ ಮಳೆ ಹಿಡಿಯುವ ಮೊದಲೇ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಹೊಡೆಸುತ್ತೇವೆ, ನಡುವೆ ಇನ್ನೊಂದು ಸಲ ಹೊಡೆಸುತ್ತೇವೆ. ನಮ್ಮ ಮನೆಯಲ್ಲಿ ಒಂದು ಸಲ ಏನಾಯಿತು ಅಂದರೆ, ಮೂರು ವರ್ಷ ಸಾಲಾಗಿ ಕೊಳೆ ಬರಲಿಲ್ಲ. ನಾಲ್ಕನೇ ವರ್ಷ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನೂ ಸಿಗಲಿಲ್ಲ, ಮೈಲುತುತ್ತದ ರೇಟೂ ಏರಿತ್ತು. ಎರಡನೇ ಔಷಧಿ ಬಿಟ್ಟೆವು. ಬಿಡೋಣ ಅಂದವನು ನಾನೇ, ಅಪ್ಪ ಅಲ್ಲ. ಮೂರು ವರ್ಷದಿಂದ ಬಂದಿಲ್ಲ ಅನ್ನುವುದು ನನ್ನ ವಾದ. ಆ ವರ್ಷ ಕೊಯ್ಯುವುದಕ್ಕಿಂತ ಹೆಚ್ಚು ಅಡಿಕೆಯನ್ನು ಮರದ ಬುಡದಿಂದ ಬಾಚಿದೆವು. ಮೂರು ವರ್ಷ ಯಾಕೆ ಬಂದಿರಲಿಲ್ಲ? ಔಷಧಿ ಹೊಡೆಸಿದ್ದಕ್ಕೆ!

ಇದು ನಗುವ ವಿಷಯ ಅಲ್ಲ, ಹಣಕಾಸು ಇಲಾಖೆಗಳು ಎಲ್ಲ ದೇಶಗಳಲ್ಲೂ ಹಾಕುವ ವಾದ ಇದೇ. ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಇದಕ್ಕೆ ಯಾಕೆ ಇಷ್ಟು ದುಡ್ಡು? ನಮ್ಮ ತುಂಗೆ ಭದ್ರೆಯ ನೀರೇ ಹೋಗಿ ನಿಲ್ಲುವ ತುಂಗಭದ್ರಾ ಅಣೆಕಟ್ಟು ನೋಡಿ. ಎಪ್ಪತ್ತು ವರ್ಷ ದಾಟಿದ ಕಟ್ಟೆ, 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ದಿನಗಟ್ಟಲೆ ಹರಿಯಬಿಟ್ಟು, ಅದರ ನಡುವೆಯೇ ತಾತ್ಕಾಲಿಕ ಗೇಟು ಇಳಿಸಬೇಕಾಯಿತು. ಎಪ್ಪತ್ತು ವರ್ಷ ಏನೂ ಆಗಿಲ್ಲ ಅನ್ನುವುದನ್ನು ಕಟ್ಟೆ ಗಟ್ಟಿ ಇದೆ ಅಂತಲೂ ಓದಬಹುದು, ಚೈನು ಹಳೆಯದಾಗಿದೆ ಅಂತಲೂ ಓದಬಹುದು.

ಈಗ ಬ್ರಿಟನ್ನಿನ ಕಥೆ. ಅವರನ್ನೇ ಯಾಕೆ ಹಿಡಿದೆ ಅಂದರೆ ಅವರು ತಮ್ಮ ಪಟ್ಟಿಯ ಒಂದು ಭಾಗವನ್ನು ಹೊರಗೆ ತೋರಿಸುತ್ತಾರೆ. 2008ರಲ್ಲಿ ಮೊದಲ ಸಲ ಪ್ರಕಟಿಸಿದರು, ರಾಷ್ಟ್ರೀಯ ಅಪಾಯಗಳ ಪಟ್ಟಿ ಅಂತ. 2023ರ ಪಟ್ಟಿಯಲ್ಲಿ 89 ಅಪಾಯಗಳಿವೆ. ಪ್ರತಿಯೊಂದಕ್ಕೂ ಒಂದು ಕಥೆ ಬರೆಯುತ್ತಾರೆ, ಕೆಟ್ಟದ್ದು ಆದರೆ ಎಷ್ಟು ಕೆಟ್ಟದ್ದು ಆದೀತು ಅಂತ. ತೀರಾ ಸಿನಿಮಾ ಥರ ಅಲ್ಲ, ನಂಬಬಹುದಾದ ಮಟ್ಟದ ಕೆಟ್ಟದ್ದು. ಆ ಕಥೆಗೇ ಅಂಕ ಕೊಡುವುದು. ಒಳ್ಳೆಯ ಪದ್ಧತಿ, ನಾನು ಹಗುರವಾಗಿ ಮಾತಾಡುತ್ತಿಲ್ಲ.

2017ರ ಪಟ್ಟಿಯಲ್ಲಿ ಎರಡು ಕಾಯಿಲೆಗಳ ಮನೆ ಇತ್ತು. ಒಂದು ಫ್ಲೂ ಮಹಾಮಾರಿ. ಅದಕ್ಕೆ 20,000ದಿಂದ 7,50,000 ಸಾವು ಆಗಬಹುದು ಅಂತ ಬರೆದಿದ್ದರು. ಇನ್ನೊಂದು, ಹೊಸದಾಗಿ ಹುಟ್ಟುವ ಸಾಂಕ್ರಾಮಿಕ ರೋಗ. ಅದಕ್ಕೆ ಎಷ್ಟು ಸಾವು ಹಾಕಿದ್ದರು ಗೊತ್ತಾ? ಹೆಚ್ಚೆಂದರೆ 100. ನೂರು! ಮೂರು ವರ್ಷ ಕಳೆಯುವುದರೊಳಗೆ ಕೋವಿಡ್ ಬಂತು. ಆ ಒಂದೇ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಲ್ಲಿನ ಸಾರ್ವಜನಿಕ ವಿಚಾರಣೆಯ ಮೊದಲ ವರದಿ 2024ರ ಜುಲೈಯಲ್ಲಿ ಬಂದಾಗ, ಸರ್ಕಾರ ತಪ್ಪು ಮಹಾಮಾರಿಗೆ ತಯಾರಿ ಮಾಡಿಕೊಂಡಿತ್ತು ಅಂತ ಹೇಳಿತು.

ಗಮನಿಸಿ, ಅವರ ಗುಣಾಕಾರ ತಪ್ಪಿರಲಿಲ್ಲ. ಪಟ್ಟಿ ಇತ್ತು, ಮಹಾಮಾರಿ ಕೆಂಪು ಮೂಲೆಯಲ್ಲೇ ಇತ್ತು. ಆದರೆ ದೊಡ್ಡದಾಗಿ ಬರುವುದು ಫ್ಲೂ ಮಾತ್ರ, ಹೊಸ ರೋಗಗಳೆಲ್ಲ ಸಾರ್ಸ್ ಥರ ದೂರದಲ್ಲೇ ನಿಂತುಹೋಗುತ್ತವೆ ಅನ್ನುವುದು ಪಟ್ಟಿ ಮಾಡುವ ಮೊದಲೇ ತಲೆಯಲ್ಲಿ ಕೂತಿತ್ತು. 2003ರಲ್ಲಿ ಸಾರ್ಸ್‌ನಿಂದ ನಿಜವಾಗಿ ಪೆಟ್ಟು ತಿಂದ ಸಿಂಗಪುರದವರು ಆಮೇಲೆ ಇದಕ್ಕಾಗಿಯೇ ಸರ್ಕಾರದೊಳಗೆ ಒಂದು ವ್ಯವಸ್ಥೆ ಕಟ್ಟಿದರು, ದೂರದಲ್ಲಿ ಏನು ಚಿಗುರುತ್ತಿದೆ ಅಂತ ಸುಮ್ನೆ ನೋಡುತ್ತಾ ಇರುವುದಕ್ಕೆ.

ನಾವೂ ಹೀಗೇ. 2021ರ ಜನವರಿ 21ರ ರಾತ್ರಿ ನೆನಪಿದೆಯಾ? ಹತ್ತು ಗಂಟೆ ಆದಮೇಲೆ ಢಂ ಅಂತು, ಕಿಟಕಿ ಅಲುಗಾಡಿತು, ನಮ್ಮ ಮನೆಯಲ್ಲಿ ಸ್ಟ್ಯಾಂಡಿನಿಂದ ಪಾತ್ರೆ ಬಿತ್ತು. ಇಡೀ ಶಿವಮೊಗ್ಗ ಬೀದಿಗೆ ಬಂತು. ಚಿಕ್ಕಮಗಳೂರು ಕಡೆಯಿಂದಲೂ ಫೋನು. ಎಲ್ಲರ ಬಾಯಲ್ಲೂ ಒಂದೇ ಮಾತು, ಭೂಕಂಪ. ಹುಣಸೋಡಿನ ಕಲ್ಲುಕ್ವಾರಿಯ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿದೆ ಅಂತ ಗೊತ್ತಾಗಿದ್ದು ಆಮೇಲೆ. ನೆಲ ನಡುಗಿದರೆ ಭೂಕಂಪ ಅನ್ನುವ ಡಬ್ಬಿ ಮಾತ್ರ ನಮ್ಮ ತಲೆಯಲ್ಲಿತ್ತು, ಅದರಲ್ಲೇ ಹಾಕಿದೆವು.

ಇನ್ನು ಮಾತಿನ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಸಮಯ ತಗೊಳ್ಳುತ್ತೇನೆ. 1951ರಲ್ಲಿ ಅಮೆರಿಕದ ಸಿಐಎ ಒಂದು ವರದಿ ಕೊಟ್ಟಿತು. ಆ ವರ್ಷ ಸೋವಿಯತ್ ಬಣ ಯುಗೊಸ್ಲಾವಿಯಾದ ಮೇಲೆ ದಾಳಿ ಮಾಡುತ್ತದಾ ಅನ್ನುವುದು ಪ್ರಶ್ನೆ. ದಾಳಿಯ ‘ಗಂಭೀರ ಸಾಧ್ಯತೆ’ ಇದೆ ಅಂತ ಬರೆದರು. ಆ ಕೆಲಸದಲ್ಲಿದ್ದ ಶರ್ಮನ್ ಕೆಂಟ್ ಅನ್ನುವವರನ್ನು ವಿದೇಶಾಂಗ ಇಲಾಖೆಯ ಒಬ್ಬರು ಕೇಳಿದರಂತೆ, ಗಂಭೀರ ಸಾಧ್ಯತೆ ಅಂದರೆ ಎಷ್ಟು ಮಾರಾಯ್ರೆ ಅಂತ. ಕೆಂಟ್ ಅಂದರು, ನೂರಕ್ಕೆ 65. ಕೇಳಿದವರು ಬೆಚ್ಚಿದರು, ಅವರು ತುಂಬ ಕಡಿಮೆ ಅಂದುಕೊಂಡಿದ್ದರು. ಕೆಂಟ್ ವಾಪಸ್ ಬಂದು ವರದಿ ಬರೆದ ತಮ್ಮ ಜೊತೆಗಾರರನ್ನೇ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರು 80 ಅಂದರು, ಇನ್ನೊಬ್ಬರು 20. ಎಲ್ಲರೂ ಸೇರಿ ಒಪ್ಪಿ ಸಹಿ ಹಾಕಿದ ಒಂದೇ ವಾಕ್ಯ!

ಕನ್ನಡದಲ್ಲಿ ನಮಗೆ ಇದಕ್ಕೆ ಎಷ್ಟು ಚಂದದ ಮಾತುಗಳಿವೆ ನೋಡಿ. ಮಳೆ ಬಂದೇ ಬರುತ್ತದೆ. ಬರುತ್ತದೆ. ಬರಬಹುದು. ಬಂದೀತು. ಬಂದರೂ ಬಂದೀತು. ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಈಗ ‘ಬಂದೀತು’ಗೆ ನೂರಕ್ಕೆ ಎಷ್ಟು ಕೊಡುತ್ತೀರಿ, ಹೇಳಿ. ಮುಂದಿನ ಸಾಲಿನಿಂದ ಮೂವತ್ತು ಅಂತ ಬಂತು. ಹಿಂದೆ ಅರವತ್ತು. ಅಲ್ಲಿ ಒಬ್ಬರು ಹತ್ತು ಅಂದರು. ನೋಡಿದಿರಾ, ಒಂದೇ ಊರು, ಒಂದೇ ಭಾಷೆ, ಒಂದೇ ಮಳೆ. ‘ಶತ್ರು ದಾಳಿ ಮಾಡಿಯಾನು’ ಅಂತ ಒಂದು ಕಾಗದ ದೆಹಲಿಯಲ್ಲಿ ನಾಲ್ಕು ಮೇಜು ದಾಟಿದರೆ ಏನಾಗಬೇಡ?

ಇದಕ್ಕೇ ಈಗ ಬ್ರಿಟನ್, ಅಮೆರಿಕದಂಥ ಕಡೆ ಗುಪ್ತಚರ ವರದಿಯಲ್ಲಿ ಯಾವ ಪದಕ್ಕೆ ಎಷ್ಟು ಶೇಕಡಾ ಅಂತ ಒಂದು ಅಳತೆಪಟ್ಟಿ ಮಾಡಿಕೊಂಡಿದ್ದಾರೆ. ಬ್ರಿಟನ್ನಿನ ಪಟ್ಟಿಯಲ್ಲಿ ‘ಸಂಭವ ಇದೆ’ ಅಂದರೆ 55ರಿಂದ 75, ‘ಬಹುತೇಕ ಖಚಿತ’ ಅಂದರೆ 95ಕ್ಕೆ ಮೇಲೆ. ಅದೂ ಮದ್ದಲ್ಲ. 2011ರಲ್ಲಿ ಪಾಕಿಸ್ತಾನದ ಅಬೊಟ್ಟಾಬಾದಿನ ಆ ಮನೆಯಲ್ಲಿ ಇರುವುದು ಬಿನ್ ಲಾಡೆನ್ನೇನಾ ಅಂತ ಕೇಳಿದಾಗ ಒಬ್ಬೊಬ್ಬ ಅಧಿಕಾರಿ ಒಂದೊಂದು ಸಂಖ್ಯೆ ಹೇಳಿದರು, 30ರಿಂದ ಹಿಡಿದು 95ರವರೆಗೆ. ಒಬಾಮ ಕೊನೆಗೆ ಇದು ಫಿಫ್ಟಿ ಫಿಫ್ಟಿ ಅಂದರು. ಸಂಖ್ಯೆ ಇದ್ದರೆ ಒಂದು ಉಪಕಾರ ಇದೆ, ನಾವೆಲ್ಲ ಬೇರೆ ಬೇರೆ ಯೋಚನೆ ಮಾಡುತ್ತಿದ್ದೇವೆ ಅನ್ನುವುದಾದರೂ ಮುಖಕ್ಕೆ ಹೊಡೆದ ಹಾಗೆ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಮಳೆ, ಕೊಳೆ, ಕಾಯಿಲೆ ಅಂದೆ. ಶತ್ರು ಬೇರೆ ಜಾತಿ. ಆಗುಂಬೆಯ ಮಳೆ ನಿಮ್ಮ ಮಾಡು ನೋಡಿಕೊಂಡು ಸುರಿಯುವುದಿಲ್ಲ. ಯಾವ ಮೂಲೆಯಲ್ಲಿ ಹೆಂಚು ಒಡೆದಿದೆ ಅಂತ ಹುಡುಕುವುದಿಲ್ಲ. ಶತ್ರು ಹುಡುಕುತ್ತಾನೆ. ನೀವು ಯಾವ ದಾರಿಗೆ ‘ಸಾಧ್ಯತೆ ಕಡಿಮೆ’ ಅಂತ ಒಂದು ಅಂಕ ಕೊಟ್ಟು ಕಾವಲು ತೆಗೆಯುತ್ತೀರೋ, ತೆಗೆದ ಆ ಗಳಿಗೆಯಿಂದಲೇ ಆ ದಾರಿಯ ಸಾಧ್ಯತೆ ಏರುತ್ತದೆ. ನಿಮ್ಮ ಲೆಕ್ಕವೇ ನಿಮ್ಮ ಲೆಕ್ಕವನ್ನು ಸುಳ್ಳು ಮಾಡುತ್ತದೆ. ಇಪ್ಪತ್ತೈದು ಮನೆಯ ಚೌಕ ಮಳೆಗೆ ಸರಿ, ಹೈದರಾಲಿಗೆ ಸಾಲದು.

ಹಾಗಾಗಿ ಶತ್ರುವಿನ ವಿಷಯದಲ್ಲಿ ಸಾಧ್ಯತೆಯನ್ನು ಒಡೆದು ನೋಡುತ್ತಾರೆ. ಅವನಿಗೆ ಶಕ್ತಿ ಇದೆಯಾ? ಮನಸ್ಸು ಇದೆಯಾ? ನಮ್ಮಲ್ಲಿ ತೂತು ಎಲ್ಲಿದೆ? ಶಕ್ತಿಯನ್ನು ಎಣಿಸಬಹುದು, ಟ್ಯಾಂಕು, ವಿಮಾನ, ಹೊಸ ರಸ್ತೆ. ಮನಸ್ಸನ್ನು ಎಣಿಸುವುದು ಹೇಗೆ? 1962ರಲ್ಲಿ ನಾವು ಎಡವಿದ್ದು ಇಲ್ಲೇ ಅನ್ನಿಸುತ್ತದೆ ನನಗೆ. ಗಡಿಯಲ್ಲಿ ಮುಂದೆ ಮುಂದೆ ಸಣ್ಣ ಸಣ್ಣ ಠಾಣೆ ಹಾಕುತ್ತಾ ಹೋದೆವು. ಚೀನಾ ಇದಕ್ಕಾಗಿ ದೊಡ್ಡ ಯುದ್ಧಕ್ಕೆ ಬರುವುದಿಲ್ಲ ಅನ್ನುವುದು ದೆಹಲಿಯ ನಂಬಿಕೆ. ಅಕ್ಟೋಬರ್ 20ಕ್ಕೆ ಬಂತು.

ಕಾರ್ಗಿಲ್ ಕಥೆ ಇನ್ನೂ ನಗರದ ಕಥೆಯ ಹತ್ತಿರಕ್ಕೆ ಬರುತ್ತದೆ. ಅಲ್ಲಿನ ಎತ್ತರದ ಠಾಣೆಗಳನ್ನು ಚಳಿಗಾಲದಲ್ಲಿ ಖಾಲಿ ಮಾಡಿ, ಹಿಮ ಕರಗಿದ ಮೇಲೆ ಮತ್ತೆ ಹತ್ತುವುದು ರೂಢಿ. ಅಷ್ಟು ಹಿಮದಲ್ಲಿ, ಅಷ್ಟು ಎತ್ತರದಲ್ಲಿ ಯಾರು ಬರುತ್ತಾರೆ? ಮೇಲಾಗಿ 1999ರ ಫೆಬ್ರವರಿಯಲ್ಲಿ ಲಾಹೋರಿಗೆ ಬಸ್ಸು ಹೋಗಿತ್ತು, ಪ್ರಧಾನಿಯೇ ಅದರಲ್ಲಿದ್ದರು. ಮೇ ತಿಂಗಳಲ್ಲಿ ಮೇಲೆ ಯಾರೋ ಇದ್ದಾರೆ ಅಂತ ಮೊದಲು ಹೇಳಿದ್ದು ಉಪಗ್ರಹ ಅಲ್ಲ, ಗುಪ್ತಚರ ಅಲ್ಲ, ಅಲ್ಲಿನ ಕುರಿಗಾಹಿಗಳು. ಆ ಶಿಖರಗಳನ್ನು ವಾಪಸ್ ಪಡೆಯಲು ನಮ್ಮ 527 ಸೈನಿಕರು ಪ್ರಾಣ ಕೊಟ್ಟರು. ಯುದ್ಧ ಮುಗಿದ ಕೂಡಲೇ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಸಮಿತಿ ಕೂತಿತು, ಆ ವರ್ಷದ ಕೊನೆಗೆ ವರದಿ ಕೊಟ್ಟಿತು. ನುಸುಳಿದ್ದು ನಮಗೆ ಪೂರ್ತಿ ಅಚ್ಚರಿ ಅಂತ ಮುಚ್ಚುಮರೆ ಇಲ್ಲದೆ ಬರೆಯಿತು. ಆ ವರದಿಯಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಮಾತಿದೆ. ಹಾಗಂತ ಕಾರ್ಗಿಲ್ ಅನ್ನು ಇನ್ನೊಂದು ಸಿಯಾಚಿನ್ ಮಾಡಬೇಡಿ, ಅಂದರೆ ಪ್ರತಿ ಶಿಖರದ ಮೇಲೂ ವರ್ಷವಿಡೀ ಆಳು ನಿಲ್ಲಿಸುವುದು ಉತ್ತರ ಅಲ್ಲ ಅಂತ. ಎಲ್ಲ ದಾರಿಯನ್ನೂ ಕಾಯಲು ಆಗುವುದಿಲ್ಲ. ಕಾಯದ ದಾರಿಯ ಮೇಲೆ ಕಣ್ಣಾದರೂ ಇರಬೇಕು.

ಕಣ್ಣು ಅಂದಾಗ ನಮ್ಮ ಮಂಗನ ಕಾಯಿಲೆ ನೆನಪಾಗುತ್ತದೆ. ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಮೇಲೆ ಮನುಷ್ಯರು. ವೈರಸ್ಸು ಸಿಕ್ಕಿತು, ಜಗತ್ತಿಗೇ ಹೊಸದು, ಆ ಕಾಡಿನ ಹೆಸರನ್ನೇ ಇಟ್ಟರು. ಅದು ರಷ್ಯಾದ ಕಡೆಯ ಒಂದು ವೈರಸ್ಸಿನ ಹತ್ತಿರದ ನೆಂಟ. ಹಾಗಾದರೆ ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಈ ಕಾಯಿಲೆ ಹರಡುವ ಉಣುಗನ್ನು, ಅಂದರೆ ಉಣ್ಣೆ ಹುಳವನ್ನು, ಹೊತ್ತು ತಂದವೇ ಅನ್ನುವ ಅನುಮಾನ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಅಧ್ಯಯನ ಶುರುವಾಯಿತು. ಅಂಥ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ಬಂದಿತ್ತು. ಜೈವಿಕ ಯುದ್ಧಕ್ಕೆ ಮಾಹಿತಿ ಕೂಡಿಸುತ್ತಿದ್ದಾರಾ ಅಂತ 1970ರ ದಶಕದಲ್ಲಿ ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಪ್ರಶ್ನೆ ಎತ್ತಿತು. ನೋಡಿ, ಸೊರಬದ ಒಂದು ಮಂಗ ಸತ್ತದ್ದು ದೆಹಲಿಯ ಭದ್ರತೆಯ ಕಡತಕ್ಕೆ ಹೋಗಿ ಕೂತಿತು.

ನಾನು ಹೇಳಲು ಹೊರಟಿದ್ದು ಅದಲ್ಲ. ಸತ್ತ ಮಂಗ ಒಂದು ಎಚ್ಚರಿಕೆ. ಕಾಡಿನಂಚಿನ ಜನಕ್ಕೆ ಅದು ಗೊತ್ತು, ದರಗಿಗೆ, ಅಂದರೆ ಒಣಗಿದ ಎಲೆ ತರಲು, ಹೋದವರು ನೋಡಿ ಬಂದು ಹೇಳುತ್ತಾರೆ. ಹೇಳಿದ್ದು ಪಂಚಾಯಿತಿ ದಾಟಿ, ಆಸ್ಪತ್ರೆ ದಾಟಿ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಹಂಚುವವರ ಕಿವಿಗೆ ಎಷ್ಟು ದಿನದಲ್ಲಿ ಮುಟ್ಟುತ್ತದೆ ಅನ್ನುವುದೇ ಎಲ್ಲ. 2019ರಲ್ಲಿ ಸಾಗರದ ಅರಳಗೋಡು ಕಡೆ ಈ ಕಾಯಿಲೆಯಿಂದ ಜನ ಸತ್ತದ್ದನ್ನು ನೀವು ಮರೆತಿರಲಿಕ್ಕಿಲ್ಲ. ಅಪಾಯದ ಪಟ್ಟಿ ಮಾಡುವವನು ವರ್ಷಕ್ಕೊಮ್ಮೆ ಅಂಕ ಕೊಡುತ್ತಾನೆ. ಮಂಗ ವರ್ಷಕ್ಕೊಮ್ಮೆ ನೋಡಿಕೊಂಡು ಸಾಯುವುದಿಲ್ಲ.

ಸುದ್ದಿ ತಂದವನಿಗೆ ಮರ್ಯಾದೆ ಇರಬೇಕು ಅನ್ನುವುದೂ ಇದರಲ್ಲೇ ಬಂತು. ಮೇಲಿನವರಿಗೆ ಇಷ್ಟವಿಲ್ಲದ್ದನ್ನು ಹೇಳುವುದು ಎಲ್ಲ ಕಾಲದಲ್ಲೂ ಕಷ್ಟ. ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಆಗದೆ ರಾಜೀನಾಮೆ ಕೊಟ್ಟು, ನೆಹರೂ ಹೇಳಿದ್ದಕ್ಕೆ ವಾಪಸ್ ತಗೊಂಡರು. ಅಂಥ ಗಾಳಿ ಬೀಸುತ್ತಿರುವಾಗ ಕೆಳಗಿನ ಅಧಿಕಾರಿ ಏನು ಬರೆಯುತ್ತಾನೆ? ಇಸ್ರೇಲಿನವರು 1973ರ ಯುದ್ಧದಲ್ಲಿ ಕಣ್ಣೆದುರಿಗೇ ಸೈನ್ಯ ಜಮಾಯಿಸುತ್ತಿದ್ದರೂ ಈಜಿಪ್ಟ್ ಬರುವುದಿಲ್ಲ ಅಂತ ಕೂತು ಪೆಟ್ಟು ತಿಂದರು. ಆಮೇಲೆ ಗುಪ್ತಚರ ವಿಭಾಗದಲ್ಲಿ ಒಂದು ಗುಂಪನ್ನೇ ಇಟ್ಟರು, ಎಲ್ಲರೂ ಹೂಂ ಅಂದದ್ದಕ್ಕೆ ಉಹೂಂ ಅನ್ನುವುದೇ ಅದರ ಕೆಲಸ. ಸಂಬಳ ಕೊಟ್ಟು ಇಟ್ಟುಕೊಂಡ ತಕರಾರು. ಐವತ್ತು ವರ್ಷದ ನಂತರ 2023ರ ಅಕ್ಟೋಬರ್ 7ರಂದು ಹಮಾಸ್ ನುಗ್ಗಿದಾಗ ಮತ್ತೆ ಅದೇ ಆಯಿತು. ತಕರಾರು ಮಾಡುವವನು ಇದ್ದರೆ ಸಾಲದು, ಅವನು ಹೇಳಿದ್ದನ್ನು ದಿನಾ ಕೇಳಿ ಕೇಳಿ ನಮ್ಮ ಕಿವಿಗೆ ಅಭ್ಯಾಸವೂ ಆಗಿಬಿಡುತ್ತದೆ.

ಇನ್ನೊಂದು ಮಾತು, ಪೆಟ್ಟು ಎಷ್ಟು ಅನ್ನುವ ಅಂಕದ ಬಗ್ಗೆ. ಪೆಟ್ಟು ಯಾರಿಗೆ? ಲಿಂಗನಮಕ್ಕಿಯ ಕರೆಂಟು ರಾಜ್ಯಕ್ಕೆ ಬೇಕಿತ್ತು, 1964ರಲ್ಲಿ ಕಟ್ಟೆ ಮುಗಿಯಿತು, ಶರಾವತಿಯ ದಡದ ಊರುಗಳು ಮುಳುಗಿದವು. ಇಂಥ ಲೆಕ್ಕದಲ್ಲಿ ದೇಶ ಅಂತ ಒಂದೇ ಸಾಲು ಇರುತ್ತದೆ. ಮುಳುಗಿದವರ ಮಕ್ಕಳು, ಮೊಮ್ಮಕ್ಕಳು ಇಲ್ಲೂ ಕೂತಿದ್ದೀರಿ, ಹೆಚ್ಚು ವಿವರಿಸಬೇಕಾಗಿಲ್ಲ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ. ಸರ್, ನಮ್ಮ ಅಪಾಯದ ಪಟ್ಟಿಯನ್ನು ನಾವೇ ಪ್ರಕಟಿಸಿದರೆ ಶತ್ರುವಿಗೆ ದಾರಿ ತೋರಿಸಿದ ಹಾಗಲ್ವಾ? ಒಳ್ಳೆಯ ಪ್ರಶ್ನೆ. ಭಾರತ 1998ರಲ್ಲೇ ರಾಷ್ಟ್ರೀಯ ಭದ್ರತಾ ಮಂಡಳಿ ಮಾಡಿಕೊಂಡಿದೆ. ಆದರೆ ಬ್ರಿಟನ್, ಅಮೆರಿಕದ ಹಾಗೆ ಜನರ ಮುಂದಿಟ್ಟ ಭದ್ರತಾ ನೀತಿಯ ದಾಖಲೆ ನಮ್ಮಲ್ಲಿ ಇಲ್ಲ. ಎಲ್ಲವನ್ನೂ ಹೊರಗೆ ಹಾಕಿ ಅಂತ ನಾನೂ ಹೇಳುವುದಿಲ್ಲ, ಬ್ರಿಟನ್ನಿನವರೂ ಎಲ್ಲವನ್ನೂ ಹಾಕುವುದಿಲ್ಲ.

ಆದರೆ ಬಿದನೂರಿನ ಆ ದಾರಿಯನ್ನು ಮತ್ತೆ ನೋಡು ಅಂದೆ ಅವನಿಗೆ. ಗುಟ್ಟಿನ ದಾರಿ ಅಂತೀವಲ್ಲ, ಯಾರಿಂದ ಗುಟ್ಟು? ಒಬ್ಬ ಹಳೆಯ ಮಂತ್ರಿಗೆ ಗೊತ್ತಿತ್ತು. ಅವನಿಂದ ಹೈದರನಿಗೆ ಗೊತ್ತಾಯಿತು. ನನ್ನ ಅನುಮಾನ ಏನೆಂದರೆ, ಅವತ್ತು ಎದುರಿನ ಬಾಗಿಲಲ್ಲಿ ಕಾವಲು ನಿಂತಿದ್ದ ಆಳುಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ.